ಕರಿಬಟ್ಟೆ ಕಟ್ಟಿದ ಎಲೆಗಳು

ನಮ್ಮ ಮೇಡಂ ಅವರ ಬಲಗೈ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಸದಾ ಹಸಿರು ಕಲೆ ಇರುತ್ತಿತ್ತು. ಎಲೆ ಅರೆದು ಅರೆದು ಕೂತ ಕಲೆ. ಹೊಸಪೇಟೆಯ ಕಾಲೇಜಿನಲ್ಲಿ ನಮಗೆ ಸಸ್ಯಶಾಸ್ತ್ರ ಕಲಿಸುತ್ತಿದ್ದವರು. ಅದೇ ಕೈಯಲ್ಲಿ ರೊಟ್ಟಿ ಮುರಿಯುವುದನ್ನು ನೋಡಿ ನಾವು ನಕ್ಕರೆ, “ನಗ್ರಲೇ, ನನ್ನ ಮದರಂಗಿ ಇದು” ಎನ್ನುತ್ತಿದ್ದರು.

ಬಿಸಿಲು ಅತಿಯಾದಾಗ ಎಲೆ ಹೆಚ್ಚಿನ ಬೆಳಕನ್ನು ಶಾಖ ಮಾಡಿ ಹೊರಗೆ ಚೆಲ್ಲಿ ತನ್ನನ್ನು ಕಾಪಾಡಿಕೊಳ್ಳುತ್ತದೆ. ನೆರಳು ಬಂದ ಮೇಲೂ ಆ ಕಾವಲು ಬೇಗ ಸಡಿಲುವುದಿಲ್ಲ. ಅಷ್ಟು ಹೊತ್ತು ಬೆಳೆಗೆ ನಷ್ಟ. ಯಾವ ಪ್ರೋಟೀನು ಅದನ್ನು ಹಿಡಿದಿಡುತ್ತದೆ, ಅದಿರಿನ ಧೂಳು ಕೂತ ಎಲೆಯಲ್ಲಿ ಏನಾಗುತ್ತದೆ ಎಂಬುದೇ ಮೇಡಂ ಅವರ ಹುಡುಕಾಟ. ಗಣಿ ಪಕ್ಕದ ಹಳ್ಳಿ ವಡ್ಡುವಿನ ಮೆಕ್ಕೆಜೋಳದ ಹೊಲಕ್ಕೆ ನನ್ನನ್ನೂ ಕರೆದೊಯ್ಯುತ್ತಿದ್ದರು. ಕಾವಲು ಎಷ್ಟು ಸಡಿಲಿದೆ ಎಂದು ಅಳೆಯುವ ಮುಂಚೆ ಎಲೆಯನ್ನು ಸ್ವಲ್ಪ ಹೊತ್ತು ಕತ್ತಲಲ್ಲಿಡಬೇಕು. ಅದಕ್ಕೆ ಹಳೆಯ ಕೊಡೆಯ ಕರಿಬಟ್ಟೆ ಹರಿದು ಕಟ್ಟುತ್ತಿದ್ದರು.

“ದೃಷ್ಟಿ ಆಗಬಾರ್ದಂತ ಕಟ್ಟೀರೇನ್ರಿ?” ಎಂದು ಹೊಲದವರ ಅಜ್ಜಿ ಕೇಳಿದಳು.

“ಹೂಂ ಬೇ ಅಜ್ಜೀ, ಸೂರ್ಯಂದೇ ದೃಷ್ಟಿ.”

ಕೆಲಸ ಮುಗಿದಾಗ ವಿಭಾಗದ ಮುಖ್ಯಸ್ಥರು ನೋಡಿಕೊಡುತ್ತೇನೆಂದು ಬರಹ, ಲೆಕ್ಕ, ಚಿತ್ರ ಎಲ್ಲವನ್ನೂ ಇಸಿದುಕೊಂಡರು. ಅವರ ವಿಷಯ ಅಣಬೆ. ವಿಜ್ಞಾನ ಪತ್ರಿಕೆಯಲ್ಲಿ ಬಂದದ್ದು ಮಾತ್ರ ಅವರೊಬ್ಬರ ಹೆಸರು. ನನ್ನ ಮೈ ಉರಿದುಹೋಯಿತು.

“ಬಿಡಲೇ ತಮ್ಮಾ. ಬಿಸಲು ಹೋದ ಮ್ಯಾಲೂ ಹಿಡಕೊಂಡು ಕುಂತ್ರ ಎಲಿಗೇ ನಷ್ಟ” ಎಂದರು ಮೇಡಂ. ಹೇಳುತ್ತಲೇ ಉಗುರಿನ ಹಸಿರು ಕಲೆಯನ್ನು ಕೆರೆಯುತ್ತಿದ್ದರು. ಆ ಬೇಸಿಗೆಯಲ್ಲೇ ಜ್ವರ ಹಿಡಿದು ತೀರಿಕೊಂಡರು.

ನಾನು ಬಿಡಲಿಲ್ಲ. ಅದೇ ವಿಷಯ ಓದಿದೆ, ಅದೇ ಕೆಲಸ ಹಿಡಿದೆ. ಕಳೆದ ವರ್ಷ ಆ ಮುಖ್ಯಸ್ಥ ಮಹಾಶಯರಿಗೆ ಊರಲ್ಲಿ ಸನ್ಮಾನ, ಮೊದಲು ಅವರ ಉಪನ್ಯಾಸ. ನಾನು ಮುಂದಿನ ಸಾಲಲ್ಲೇ ಕೂತೆ. ಪರದೆಯ ಮೇಲೆ ವಡ್ಡುವಿನ ಹೊಲ ಬಂತು, ಎಲೆಗಳಿಗೆ ಕೊಡೆಯ ಬಟ್ಟೆ.

ಎದ್ದು ನಿಂತೆ. “ಸರ್, ಆ ಕರಿಬಟ್ಟಿ ಯಾಕ ಕಟ್ಟಿದ್ರಿ?”

ಚಿತ್ರ ನೋಡಿದರು, ನನ್ನನ್ನು ನೋಡಿದರು. “ಅದಾ? ಧೂಳು ಕುಂದ್ರಬಾರ್ದಂತ.”

ಧೂಳು ಕೂತ ಎಲೆಯನ್ನೇ ಅಳೆದ ಮಹಾನುಭಾವರು ಧೂಳು ಕೂರದಂತೆ ಬಟ್ಟೆ ಕಟ್ಟಿದರಂತೆ! ಹಿಂದಿನ ಸಾಲಿನ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು, ಆಮೇಲೆ ಸಭೆಯೇ ನಕ್ಕಿತು. ನಾನು ಮೈಕು ಇಸಿದುಕೊಂಡು ಬಟ್ಟೆ ಕಟ್ಟಿದವರು ಯಾರು, ಯಾಕೆ ಕಟ್ಟಿದರು ಎಂದು ಮೇಡಂ ಅವರ ಹೆಸರು, ಊರು ಸಮೇತ ಹೇಳಿದೆ. ಶಾಲು ತಟ್ಟೆಯಲ್ಲೇ ಉಳಿಯಿತು.

ಅವರ ಮುಖ ಬಿಳಿಚಿದ್ದನ್ನು ನೋಡಿ ನನಗೆ ಹೋಳಿಗೆ ಉಂಡಷ್ಟು ಹಿತವಾಯಿತು. ಕರುಣೆ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಮೇಡಂ ಇದ್ದಿದ್ದರೆ ಬಿಡಲೇ ಎಂದು ಬೈಯುತ್ತಿದ್ದರು. ಬೈಯಲಿಕ್ಕೆ ಅವರೇ ಇಲ್ಲವಲ್ಲ, ಆ ಸಿಟ್ಟನ್ನು ಯಾರ ಮೇಲೆ ತೀರಿಸಲಿ?