ಗುಣವತಿಯ ಹೋಟೆಲಿನ ಹಿತ್ತಲು

ನಾಶಿಕದ ಕಡೆಯ ಚಾಂದವಡ್ ದಾಟಿ ಹೆದ್ದಾರಿಯಲ್ಲಿ ಸ್ವಲ್ಪ ಮುಂದೆ ಹೋದರೆ ಗುಣವತಿಯ ಸಸ್ಯಾಹಾರಿ ಹೋಟೆಲು. ಕುಂದಾಪುರದ ಕಡೆಯಿಂದ ಮದುವೆಯಾಗಿ ಬಂದವಳು. ಗಂಡ ಸದಾನಂದ ಗಲ್ಲಾದಲ್ಲಿ ಕೂತರೆ ಅಡುಗೆಮನೆ ಪೂರ್ತಿ ಅವಳದ್ದು. ಲಾಸಲಗಾಂವ್‌ನಿಂದ ಈರುಳ್ಳಿ ತುಂಬಿ ಹೊರಟ ಲಾರಿಯವರು ಅವಳ ಸಾಂಬಾರಿಗೆಂದೇ ಹಸಿವು ಕಾಪಾಡಿಕೊಂಡು ಬರುತ್ತಿದ್ದರು. ಜಗಳಕ್ಕೂ ಉಪಚಾರಕ್ಕೂ ಅವಳದು ಒಂದೇ ದೊಡ್ಡ ದನಿ.

ಮಗಳು ಶ್ರೀಜಾ ಹೋಟೆಲಿನ ಹಿಂದೆ, ಇಳಿಜಾರಿನ ಕೆಳಗಿದ್ದ ಮರಾಠಿ ಶಾಲೆಗೆ ಹೋಗುತ್ತಿದ್ದಳು. ಆ ಬೇಸಿಗೆಯಲ್ಲಿ ಶಾಲೆಯ ಬಾವಿ ನಾರತೊಡಗಿತು, ಮಕ್ಕಳಿಗೆ ಹೊಟ್ಟೆನೋವು ಶುರುವಾಯಿತು. ಅಲ್ಲಿನವರು ಟೀಚರಮ್ಮನನ್ನು ಕರೆಯುವುದೇ ‘ಬಾಯಿ’ ಎಂದು; ಆ ವಾಘಚೌರೆ ಬಾಯಿ, ಆ ನೀರು ಮುಟ್ಟಬೇಡಿ ಎಂದು ಹೇಳಿ, ಕೊಳೆ ಎಲ್ಲಿಂದ ಬರುತ್ತದೆಂದು ನೋಡಲು ಮಕ್ಕಳೊಂದಿಗೆ ಚರಂಡಿಯ ಗುಂಟ ಮೇಲೆ ಹತ್ತಿದರು.

ಸಂಜೆ ಶ್ರೀಜಾ ದೋಸೆ ಮುಟ್ಟಲಿಲ್ಲ.

"ಎಂತ ಆಯ್ತು ಮಗಾ?"

"ಅಮ್ಮ, ತೇ ಪಾಣಿ ಆಪ್ಲಂಚ್ ಆಹೇ." ಆ ನೀರು ನಮ್ಮದೇ. ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರಿಸುವುದು ಅವಳ ರೂಢಿ. ಚರಂಡಿ ಅವರ ಹೋಟೆಲಿನ ಹಿಂಗೋಡೆಗೇ ಬಂದು ಮುಟ್ಟಿತ್ತು.

"ಊರಿನ ಕೊಳೆಯೆಲ್ಲ ನಮ್ಮ ತಲೆಗೆ ಕಟ್ತಾರಾ?" ಎಂದು ಗುಣವತಿ ಬೆಳಿಗ್ಗೆ ಶಾಲೆಗೆ ಜಗಳಕ್ಕೇ ಹೊರಟಳು. ಟೀಚರು ಬಾವಿಯಿಂದ ಒಂದು ಕೊಡ ನೀರು ಸೇದಿ ಅವಳ ಮುಂದಿಟ್ಟರು. ಗುಣವತಿ ಬಗ್ಗಿ ಮೂಸಿದಳು. ಅವಳದೇ ಪಾತ್ರೆ ಸೋಪು, ಅವಳದೇ ಕಮಟು ಎಣ್ಣೆ.

"ಈ ಕೊಳೆ ನಮ್ಮದೇ, ಬಾಯಿ," ಎಂದಳು. ಆ ದನಿ ಅಷ್ಟು ತಗ್ಗಿದ್ದನ್ನು ಯಾರೂ ಕೇಳಿರಲಿಲ್ಲ.

ಅಡುಗೆಮನೆಯ ನೀರಿಗೆ ಹಿತ್ತಲಲ್ಲೇ ಇಂಗುಗುಂಡಿ ತೋಡಿಸೋಣ ಎಂದರೆ ಸದಾನಂದ ಒಪ್ಪಲಿಲ್ಲ. "ಸೀಸನ್ನಲ್ಲಿ ಹಿತ್ತಲು ಅಗೆದಿಟ್ಟರೆ ಗಿರಾಕಿ ಬರ್ತಾರಾ ಮಾರಾಯ್ತಿ?"

"ಬಾರದಿದ್ರೆ ಬೇಡ. ನಿಮ್ಮ ಮಗಳೂ ಅದನ್ನೇ ಕುಡಿದದ್ದಲ್ವಾ?"

ಭಾನುವಾರ ಹೋಟೆಲು ಮುಚ್ಚಿತು. ಊರವರು ಗುದ್ದಲಿ ಹಿಡಿದು ಬಂದು ಗುಂಡಿ ತೋಡಿ, ಕಲ್ಲು, ಜಲ್ಲಿ, ಮರಳು ತುಂಬಿ, ಮೇಲೆ ಬಾಳೆ ನೆಟ್ಟರು. ಗುಣವತಿ ಎಲ್ಲರಿಗೂ ಉಪ್ಪಿಟ್ಟು ಬಡಿಸಿದಳು. ಆದರೆ ಕೆಲವೇ ದಿನಗಳಲ್ಲಿ ಎಣ್ಣೆಜಿಡ್ಡು ಕಟ್ಟಿಕೊಂಡು ಗುಂಡಿ ಉಕ್ಕಿತು, ನೀರು ಮತ್ತೆ ಅದೇ ಚರಂಡಿಗೆ ಹರಿಯಿತು. ಗುಣವತಿ ಕೆಸರಿನ ಅಂಚಿನಲ್ಲೇ ಕೂತು ಅತ್ತುಬಿಟ್ಟಳು. ವಾಘಚೌರೆ ಬಾಯಿ ಪಕ್ಕದಲ್ಲಿ ಬಂದು ಕೂತರು. ಕಣ್ಣೊರೆಸಿಕೊಂಡ ಮೇಲೆ ಇಬ್ಬರೂ ಸೇರಿ ನಾಶಿಕದ ಒಬ್ಬ ಪ್ಲಂಬರನ್ನು ವಿಚಾರಿಸಿದರು. ಅವನು ಗುಂಡಿಗೆ ಮೊದಲು ಒಂದು ಚಿಕ್ಕ ತೊಟ್ಟಿ ಕಟ್ಟಿಕೊಟ್ಟ. ಜಿಡ್ಡು ಅಲ್ಲೇ ತೇಲಿ ನಿಲ್ಲುತ್ತದೆ, ದಿನಾ ತೆಗೆಯಬೇಕು. ಆ ಕೆಲಸ ಗೊಣಗುತ್ತಲೇ ಸದಾನಂದ ವಹಿಸಿಕೊಂಡ.

ಮಳೆಗಾಲಕ್ಕೆ ಮುಂಚೆ ಊರವರು ಬಾವಿಯ ಕೊಳೆನೀರೆಲ್ಲ ಪಂಪು ಹಚ್ಚಿ ಹೊರಹಾಕಿ, ಹೂಳೆತ್ತಿದರು. ಮಳೆ ಬಂದು ಹೊಸ ನೀರು ಏರಿತು. ನೀರಿನ ಪರೀಕ್ಷೆಯಲ್ಲಿ ಕುಡಿಯಬಹುದು ಎಂದು ಬಂದ ದಿನ, ಮಕ್ಕಳಿಗಿಂತ ಮೊದಲು ಒಂದು ಲೋಟ ಗುಣವತಿಯೇ ಕುಡಿದಳು.

"ಲಾಯಕ್ ಉಂಟು," ಎಂದಳು. ಚೆನ್ನಾಗಿದೆ ಎಂಬುದು ಮರಾಠಿ ಮಕ್ಕಳಿಗೂ ಅರ್ಥವಾಯಿತು.

ಈಗ ಊಟ ಮುಗಿಸಿದ ಲಾರಿಯವರನ್ನು ಸದಾನಂದ ಸುಮ್ಮನೆ ಬಿಡುವುದಿಲ್ಲ. ಕೈತೊಳೆದ ಕೂಡಲೇ ಹಿತ್ತಲಿಗೆ ಕರೆದೊಯ್ದು, ತೊಟ್ಟಿಯ ಮುಚ್ಚಳ ಎತ್ತಿ ತೋರಿಸುತ್ತಾನೆ.