ಒದ್ದೆ ಹೆಬ್ಬೆರಳಿಗೂ ಎಟುಕದ ಜಾಹೀರಾತು

ಇನ್ನೂ ನಸುಕು. ರೆಂಬಾಂಗ್ ಬಂದರಿನಲ್ಲಿ ದೋಣಿಗಳಿಂದ ಮೀನು ಇಳಿಯುತ್ತಿದೆ. ಪಕ್ಕದ ಕಾಫಿ ಅಂಗಡಿಯ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿರುವ ವಿಗಾತಿ, ಬುಟ್ಟಿ ಇಳಿಸಿ ಬಂದ ಮೀನುಗಾರನೊಬ್ಬನ ಮುಂದೆ ಮೊಬೈಲ್ ಹಿಡಿಯುತ್ತಾರೆ.

“ಕೈ ಒರೆಸ್ಕೋಬೇಡಿ, ಹಾಗೇ ಇರ್ಲಿ. ‘ನಾಳೆಯ ಅಲೆ’ ಅಂತಿದೆಯಲ್ಲ, ಅದನ್ನ ಒತ್ತಿ ನೋಡೋಣ.”

ಅವನ ದಪ್ಪ ಹೆಬ್ಬೆರಳು ಗುಂಡಿಯ ಜೊತೆಗೆ ಕೆಳಗಿನ ಬೂದು ಚೌಕವನ್ನೂ ಮುಟ್ಟಿಬಿಡುತ್ತದೆ. ಜಾಹೀರಾತು ಬರಬೇಕಾದ ಜಾಗ ಅದು. ಸದ್ಯಕ್ಕೆ ಖಾಲಿ.

“ಇನ್ನೂ ಹತ್ರವೇ ಇದೆ,” ಎಂದು ವಿಗಾತಿ ಚೌಕವನ್ನು ಬರಹದ ಕೆಳಕ್ಕೆ ಇಳಿಸುತ್ತಾರೆ.

ಬೇರೆಯವರ ಬ್ಲಾಗುಗಳಲ್ಲಿ ಜಾಹೀರಾತು ತೋರಿಸುವ ಕಂಪ್ಯೂಟರ್ ಕೋಡು ಕೂರಿಸುವುದು ಇವರ ಕಸುಬು. ಅಡುಗೆ, ಹಕ್ಕಿ ಸಾಕಣೆ, ಮದುವೆ ಮಂಟಪ, ಹೀಗೆ ಹದಿನಾಲ್ಕು ಬ್ಲಾಗುಗಳು ಇವರ ಕೈಯಲ್ಲಿವೆ. ಊರಿನವರಿಗೆಲ್ಲ ಇವರು ‘ಯೂ’, ಅಂದರೆ ಅಕ್ಕ.

ಮೊದಲು ಪಕ್ಕದ ಲಾಸೆಮ್ ಊರಿನಲ್ಲಿ ಬಟ್ಟೆಗೆ ಮೇಣದ ಚಿತ್ತಾರ ಬಿಡಿಸುತ್ತಿದ್ದರು. ಆ ಚಿತ್ತಾರಗಳ ಬಗ್ಗೆಯೇ ಒಂದು ಬ್ಲಾಗು ಬರೆದರು. ಒತ್ತಿದಷ್ಟೂ ಅಕ್ಕನಿಗೆ ದುಡ್ಡು ಬರುತ್ತದೆಂದು ತಂಗಿಯರು ಅಕ್ಕರೆಯಿಂದ ದಿನಾ ಅದರ ಜಾಹೀರಾತು ಒತ್ತಿದರು. ಸುಳ್ಳು ಒತ್ತುವಿಕೆ ಎಂದು ಜಾಹೀರಾತು ಕಂಪನಿ ಖಾತೆಯನ್ನೇ ಶಾಶ್ವತವಾಗಿ ಮುಚ್ಚಿತು.

“ಯಾರ ಮೇಲೆ ಸಿಟ್ಟು ಮಾಡ್ಕೊಳ್ಳೋದು ಹೇಳಿ? ಎಲ್ರೂ ಪ್ರೀತಿಯಿಂದ್ಲೇ ಮಾಡಿದ್ದು,” ಎನ್ನುತ್ತಾರೆ. “ಆಮೇಲೆ ಕೂತು ನಿಯಮ ಓದಿದೆ. ಮೊದ್ಲೇ ಓದ್ಬೇಕಿತ್ತು.”

ಈಗ ತಿದ್ದುತ್ತಿರುವುದು ಹಳೇ ಮೀನುಗಾರ ರಸ್ಮಾದಿಯವರ ಬ್ಲಾಗು. ಹಗ್ಗಕ್ಕೆ ಸಿಕ್ಕಿ ಕಾಲು ಊನವಾದ ಮೇಲೆ ಅವರು ಕಡಲಿಗೆ ಇಳಿದಿಲ್ಲ. ಗಾಳಿ, ಅಲೆಗಳ ವರದಿಯನ್ನು ಮೀನುಗಾರರ ಮಾತಿಗೆ ತಂದು ದಿನವೂ ಬರೆಯುತ್ತಾರೆ. ಅದನ್ನು ಓದಿಯೇ ಇಲ್ಲಿಯ ಹೆಂಗಸರು ಗಂಡಂದಿರನ್ನು ಕಳಿಸುವುದು, ತಡೆಯುವುದು. ಅಂತರ್ಜಾಲದಲ್ಲಿ ಬ್ಲಾಗಿನ ಜಾಗಕ್ಕೆ ಕಟ್ಟುವ ಬಾಡಿಗೆ ಹುಟ್ಟುವುದು ಜಾಹೀರಾತಿನಿಂದ. ಹೋದ ತಿಂಗಳು ಅವರ ಜಾಹೀರಾತು ಖಾತೆಗೂ ತಡೆ ಬಿತ್ತು.

ಆಗ ವಿಗಾತಿ ಬಂದು ನೋಡಿದರೆ, ಜಾಹೀರಾತಿನ ಚೌಕ ‘ನಾಳೆಯ ಅಲೆ’ ಗುಂಡಿಗೆ ಅಂಟಿಕೊಂಡಿತ್ತು. ಅದರ ತಲೆಯ ಮೇಲೆ ರಸ್ಮಾದಿ ಕೈಯಾರೆ ಬರೆದ ಸಾಲು: ‘ದಿನಕ್ಕೊಮ್ಮೆ ಇದನ್ನು ಒತ್ತಿ, ನಿಮ್ಮ ಅಣ್ಣನಿಗೆ ನೆರವಾಗಿ.’

“ಅಣ್ಣಾ, ಇದನ್ನ ಮೊದ್ಲು ಅಳಿಸಿ.”

“ಕೇಳೋದ್ರಲ್ಲಿ ಏನಮ್ಮ ತಪ್ಪು? ನಾನೇನು ಕದ್ನಾ?”

“ಕದ್ದಿಲ್ಲ. ಆದ್ರೆ ಒತ್ತಿದ್ದಕ್ಕೆಲ್ಲ ದುಡ್ಡು ಕೊಡೋನು ಜಾಹೀರಾತು ಹಾಕಿದ ಅಂಗಡಿಯೋನು. ಅವನ ಸಾಮಾನು ಬೇಡದೋರ ಕೈಲಿ ಒತ್ತಿಸಿದ್ರೆ ಅವನಿಗೆ ಮೋಸ ಅಲ್ವಾ? ಪುಕ್ಸಟ್ಟೆ ರುಚಿ ನೋಡೋಕೇ ದಿನಾ ಬರೋರನ್ನ ನಿಮ್ಮ ಹೆಂಡ್ತಿ ತಮ್ಮ ಹುರಿದ ಮೀನಿನ ಅಂಗಡಿ ಹತ್ರ ಸೇರಿಸ್ತಾರಾ?”

ರಸ್ಮಾದಿ ತಾವೇ ಆ ಸಾಲನ್ನು ಅಳಿಸಿದರು.

ಕಷ್ಟವಾದದ್ದು ಮೀನುಗಾರರಿಗೆ ಹೇಳುವುದು. ವಿಗಾತಿ ಈ ಕಾಫಿ ಅಂಗಡಿಯಲ್ಲೇ ಎದ್ದು ನಿಂತು, ಇನ್ನು ಯಾರೂ ನೆರವಿಗೆಂದು ಒತ್ತಬಾರದು ಎಂದರು. ಮೂಲೆಯಿಂದ ಒಬ್ಬ, “ಯೂ, ನಾನು ಹೆಂಡ್ತಿ ಫೋನಲ್ಲೂ ಒತ್ತಿದೀನಿ, ಅತ್ತೆ ಫೋನಲ್ಲೂ ಒತ್ತಿದೀನಿ!” ಎಂದು ಹೆಮ್ಮೆಯಿಂದ ಹೇಳಿದ. “ಮಾರಾಯ, ಕಾಲು ಹಿಡಿತೀನಿ, ನಿಲ್ಸು,” ಎಂದು ಇವರು ಕೈಮುಗಿದರು.

ನಡೆದದ್ದನ್ನು ಬಚ್ಚಿಡದೆ ಇಬ್ಬರೂ ಸೇರಿ ಜಾಹೀರಾತು ಕಂಪನಿಗೆ ಮನವಿ ಬರೆದರು. ಉತ್ತರ ಬರುವತನಕ ರಸ್ಮಾದಿ ಸಾಲ ತರದೆ, ಬ್ಲಾಗು ನಿಲ್ಲಿಸದೆ, ಹೆಂಡತಿಯ ಕೈಖರ್ಚಿನಲ್ಲಿ ಹೇಗೋ ದೂಡಿದರು. “ಇದು ನಿಂತ್ರೆ ನಾನು ಎರಡ್ನೇ ಸಲ ಕಡಲು ಬಿಟ್ಟ ಹಾಗೆ,” ಎಂದು ಅವರು ಒಮ್ಮೆ ಅಂದದ್ದನ್ನು ವಿಗಾತಿ ಇನ್ನೂ ಮರೆತಿಲ್ಲ.

ನಿನ್ನೆ ಉತ್ತರ ಬಂದಿದೆ. ತಡೆ ತೆರವಾಗಿದೆ. ಕುಂಟುತ್ತಲೇ ಓಡಿಬಂದ ರಸ್ಮಾದಿ ಓದಲು ಕನ್ನಡಕ ಸಾಲದೆ ವಿಗಾತಿಯ ಕೈಗೆ ಫೋನು ಕೊಟ್ಟರಂತೆ. ಓದಿ ಮುಗಿಸುವಷ್ಟರಲ್ಲಿ ಅವರು ನೆಲದ ಮೇಲೇ ಕೂತು ನಗುತ್ತಿದ್ದರಂತೆ.

ಈಗ ಬೆಳಕು ಹರಿದಿದೆ. ವಿಗಾತಿ, ಜಾಹೀರಾತು ಕಂಪನಿಯ ಕೋಡನ್ನು ಒಂದಕ್ಷರವೂ ತಿದ್ದದೆ ಚೌಕದಲ್ಲಿ ಕೂರಿಸುತ್ತಾರೆ. ಬೇರೊಬ್ಬ ಮೀನುಗಾರನ ಹೆಬ್ಬೆರಳು ಗುಂಡಿ ಒತ್ತುತ್ತದೆ. ಅಲೆಯ ಎತ್ತರ ಮಾತ್ರ ತೆರೆದುಕೊಳ್ಳುತ್ತದೆ. ಜಾಹೀರಾತು ದೂರದಲ್ಲಿ ತನ್ನ ಪಾಡಿಗಿದೆ. ಅಷ್ಟರಲ್ಲಿ ಬಂದ ರಸ್ಮಾದಿ ಎಲ್ಲರಿಗೂ ಕಾಫಿ ಹೇಳುತ್ತಾರೆ.

ಪುಟದ ಅಡಿಯಲ್ಲಿ ಬಂದಿರುವುದು ಒಂದು ಹೊಲಿಗೆ ಯಂತ್ರದ ಜಾಹೀರಾತು. ವಿಗಾತಿ ಅದನ್ನೇ ನೋಡುತ್ತ ಕೂರುತ್ತಾರೆ. ಇಷ್ಟವಾಯಿತೇ ಎಂದು ಕೇಳಿದರೆ ನಾಚಿಕೊಳ್ಳುತ್ತಾರೆ.

“ತುಂಬಾ ದಿನದ ಆಸೆ. ಆದ್ರೆ ನಾನು ಕೋಡು ಹಾಕಿದ ಪುಟದಲ್ಲಿ ನಾನೇ ಒತ್ತೋ ಹಾಗಿಲ್ವಲ್ಲ,” ಎಂದು ಲ್ಯಾಪ್‌ಟಾಪ್ ಮುಚ್ಚಿ ಚಪ್ಪಲಿ ಮೆಟ್ಟುತ್ತಾರೆ. “ಪೇಟೇಲಿ ಹೊಲಿಗೆ ಯಂತ್ರದ ಅಂಗಡಿ ತೆರೆಯೋ ಹೊತ್ತಾಗ್ತಾ ಬಂತು. ನಡ್ಕೊಂಡೇ ಹೋಗಿ ಬೆಲೆ ಕೇಳ್ತೀನಿ.”