ಅಮಾವಾಸ್ಯೆಯ ಗಂಟು

ಯಂಕಣ್ಣನ ಊರಿಗೆ ಕಾಲುವೆ ಬಂದಿಲ್ಲ. ದಿಬ್ಬದ ಮೇಲಿನ ಊರು. ಕಾಲುವೆ ಅದನ್ನು ದೂರದಿಂದ ನೋಡಿ, ಬಳಸಿಕೊಂಡು, ಹುಣಸಗಿ ಕಡೆ ಇಳಿದುಹೋಗಿದೆ. ಹಾಗಾಗಿ ಆ ಊರಿನ ಹೆಣ್ಣುಮಕ್ಕಳಿಗೆ ನೀರಿಲ್ಲ, ನೀರಿನ ಕೆಲಸವುಂಟು. ಕಾಲುವೆಗೆ ನೀರು ಬಿಟ್ಟರೆಂದರೆ ಇಪ್ಪತ್ತು ದಿನ ಕೆಳಗಿನ ಗದ್ದೆಗಳಲ್ಲಿ ಭತ್ತದ ನಾಟಿ. ನಾಟಿ ಕೂಲಿ ಹಿಡಿಯುವ ಲಾಲಮ್ಮನ ಗುಂಪಿನ ಹನ್ನೆರಡು ಹೆಂಗಸರನ್ನು ಬೆಳಗಿನ ಆರಕ್ಕೆ ಯಂಕಣ್ಣ ತನ್ನ ಹಳೆಯ ಕ್ರೂಸರ್‌ನಲ್ಲಿ ತುಂಬಿಕೊಂಡು ಹೋಗುವುದು, ಹೊತ್ತು ಮುಳುಗುವಾಗ ತಂದಿಳಿಸುವುದು. ಒಂಬತ್ತು ವರ್ಷದಿಂದ ಯಂಕಣ್ಣನ ಬದುಕು ಇದೇ.

ಅದಕ್ಕೊಂದು ಕಟ್ಟಳೆಯಿತ್ತು. ನಾಟಿಯ ಮೊದಲ ದಿನ ಲಾಲಮ್ಮ ಒಂದು ಹಿಡಿ ಸಸಿಯನ್ನು ಗಾಡಿಯ ಬಾನೆಟ್ ಮೇಲಿಟ್ಟು ಕುಂಕುಮ ಹಚ್ಚುತ್ತಾಳೆ. ಆ ಹಿಡಿ ಯಾವ ಗಾಡಿಗೆ ಬಿತ್ತೋ ಹಂಗಾಮು ಪೂರ್ತಿ ಅದೇ ಗಾಡಿ. ನಡುವೆ ಬದಲಿಸಿದರೆ ಸಸಿ ಬೇರು ಹಿಡಿಯುವುದಿಲ್ಲವಂತೆ.

ಇನ್ನೊಂದು ಕಟ್ಟಳೆ ಯಂಕಣ್ಣನ ಹೆಂಡತಿ ಶೇಖಮ್ಮನದು. ಪ್ರತಿ ಅಮಾವಾಸ್ಯೆಗೆ ಗಾಡಿಯ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ, ಒಂದು ಹರಕು ಚಪ್ಪಲಿ, ಪೊರಕೆಯಷ್ಟು ದಪ್ಪನೆಯ ಕರಿದಾರದ ಕುಚ್ಚು ಕಟ್ಟುವಳು. ಗಂಟು ಹಾಕಿದ ಕೈಯೇ ಬಿಚ್ಚಬೇಕು, ಅದೂ ಮುಂದಿನ ಅಮಾವಾಸ್ಯೆಗೇ. ಕುಚ್ಚು ನೇರ ನಂಬರ್ ಪ್ಲೇಟಿನ ಮೇಲೆ ಇಳಿಬಿದ್ದಿರುತ್ತಿತ್ತು.

ಹೋದ ಚಳಿಗಾಲ ಹತ್ತಿ ಬಿಡಿಸಲು ಗುಂಪು ಕಡೇಚೂರು ದಾಟಿ ತೆಲಂಗಾಣದೊಳಗೆ ಹೋಯಿತು. ಅಲ್ಲಿ ಒಬ್ಬ ಪೊಲೀಸಿನವನು ಕೈ ಅಡ್ಡ ಹಾಕಿದ. ಗಡಿಯವನು, ಕನ್ನಡ ಬರುತ್ತಿತ್ತು.

"ನಂಬರ್ ಕಾಣವಲ್ದು. ತೆಗಿ ಅದನ್ನ."

"ಸಾಹೇಬ್ರ, ಅಮಾಸಿಗಿ ಕಟ್ಟಿದ್ದು ಅಮಾಸಿಗೇ ಬಿಚ್ಚಬೇಕ್ರಿ. ಇನ್ನಾ ಒಂಬತ್ತು ದಿನ ಅದ. ಕಟ್ಟಿದಾಕಿ ನಮ್ಮೂರಾಗ ಇದ್ದಾಳ."

ಹಿಂದಿನಿಂದ ಲಾಲಮ್ಮ ಕತ್ತು ಹೊರಹಾಕಿದಳು. "ಇಲ್ಲೇ ಬಿಚ್ಚಿದ್ರ ದೃಷ್ಟಿ ನಿಮಗ ತಾಗ್ತದ ನೋಡ್ರಿ. ನಿಮಗೂ ಮಕ್ಕಳು ಮರಿ ಇರ್ತಾವ."

ಗಾಡಿಯಲ್ಲಿ ನಗೆಯೆದ್ದಿತು. ಪೊಲೀಸಿನವನು ನಗಲಿಲ್ಲ. ಫೋಟೊ ಹೊಡೆದುಕೊಂಡ, ತೆಲುಗಿನಲ್ಲಿ ಅಚ್ಚಾದ ಒಂದು ಚೀಟಿ ಹರಿದುಕೊಟ್ಟ.

ಯಂಕಣ್ಣ ಊರಿಗೆ ಬಂದು ಅದನ್ನು ಚಹಾದಂಗಡಿಯ ಸೂಗಪ್ಪನಿಗೆ ತೋರಿಸಿದ. "ಆ ಕಡಿ ಚೀಟಿ ಈ ಕಡಿ ಯಾಂವ ಕೇಳ್ತಾನೋ? ಕಡೇಚೂರ ದಾಟಿದ್ರ ಅದು ರದ್ದಿ" ಎಂದ ಸೂಗಪ್ಪ. ಯಂಕಣ್ಣ ಅದರಿಂದ ಎಂಜಿನ್ನಿನ ಆಯಿಲ್ ಕಡ್ಡಿ ಒರೆಸಿ ಎಸೆದ. ಫೋನಿಗೆ ಮೂರು ಸಲ ಸಂದೇಶ ಬಂತು. ಓದಲು ಬಾರದ ಅಕ್ಷರ; ಮೂರು ಸಲವೂ ಅಳಿಸಿದ.

ಆಷಾಢದಲ್ಲಿ ಗಾಡಿಯ ಎಫ್‌ಸಿ ಮುಗಿಯಿತು. ರಸ್ತೆಗಿಳಿಯಲು ಯೋಗ್ಯವೆಂಬ ಆ ಕಾಗದಕ್ಕಾಗಿ ಯಾದಗಿರಿಯ ಕಚೇರಿಗೆ ಹೋದ. ಅಲ್ಲಿನ ಅಮೃತಮ್ಮ ಕಂಪ್ಯೂಟರ್ ನೋಡಿ ತಲೆಯಾಡಿಸಿದಳು.

"ಗಡಿ ಆಚಿಂದು ಚಲನ್ ಅದ ನಿಮ್ದು. ಕೋರ್ಟಿಗಿ ಹೋಗ್ಯಾದ. ಗಾಡಿ ಮ್ಯಾಲ ತಡಿ ಹಾಕ್ಯಾರ."

"ಈಗೇ ಕಟ್ತೀನ್ರಿ, ಮೇಡಂ."

"ಆಗ ಕಟ್ಟಿದ್ರ ಫೋನಿನಾಗೇ ಮುಗೀತಿತ್ತು, ಯಣ್ಣಾ. ಈಗ ಅಲ್ಲೇ ಹೋಗಿ ನಿಂದ್ರಬೇಕು."

ಎರಡು ಬಸ್ಸು ಬದಲಿಸಿ ಹೋದ. ಆಚೆಯ ಕೋರ್ಟಿನಲ್ಲಿ ತಾರೀಖು ಕೊಟ್ಟರು: ಸೆಪ್ಟೆಂಬರ್ ಹದಿನೆಂಟು, ಎರಡು ತಿಂಗಳ ಆಚೆ. ಕಾಲುವೆಗೆ ನೀರು ಬಿಡುವುದಕ್ಕೆ ಉಳಿದದ್ದು ಆರು ದಿನ. ನಾಟಿ ನಡೆಯುವುದು ಇಪ್ಪತ್ತು ದಿನ. ಬಸ್ಸಿನ ಕಿಟಕಿಗೆ ತಲೆ ಆನಿಸಿ ಲೆಕ್ಕ ಹಾಕಿದ, ಮತ್ತೆ ಹಾಕಿದ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಹಲ್ಲು ಕೀಳಿಸಿಕೊಂಡ ದವಡೆಯ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು.

ಕಾಗದವಿಲ್ಲದೆಯೇ ಓಡಿಸೋಣವೆಂದರೆ, ಹೋದ ವರ್ಷ ಪಕ್ಕದೂರಿನ ಗಾಡಿ ಕಾಲುವೆಗೆ ಬಿದ್ದದ್ದು ಎಲ್ಲರ ಕಣ್ಣಲ್ಲೂ ಇತ್ತು. ಅದಕ್ಕೂ ಎಫ್‌ಸಿ ಇರಲಿಲ್ಲ. ಸತ್ತವರ ಮನೆಗೆ ವಿಮೆಯವರು ಬಿಡಿಗಾಸು ಕೊಡಲಿಲ್ಲ.

ಲಾಲಮ್ಮ ಮನೆಗೇ ಬಂದು ಹೇಳಿದಳು. "ಯಂಕಣ್ಣಾ, ನಿನ್ನ ಕೈ ಮ್ಯಾಲ ಭರೋಸಾ ಅದ. ಆದ್ರ ಹನ್ನೆರಡು ಮನಿ ದೀಪ ಅವು. ನಾ ಹತ್ತಸಂಗಿಲ್ಲ."

"ಹತ್ತಬ್ಯಾಡ್ರಿ" ಎಂದ ಯಂಕಣ್ಣ.

ನಾಟಿಯ ಮೊದಲ ದಿನ ಆರಕ್ಕೆ ಮನ್ಸೂರಅಲಿಯ ಗಾಡಿ ಬಂದು ನಿಂತಿತು. ಅವನೂ ಯಂಕಣ್ಣನೂ ಒಂದೇ ಸ್ಟ್ಯಾಂಡಿನವರು. ಲಾಲಮ್ಮ ಸಸಿ ಹಿಡಿದು ಮುಂದೆ ಬಂದಾಗ ಅವನು ಬಾನೆಟ್ಟಿಗೆ ಅಡ್ಡ ನಿಂತ.

"ಯಕ್ಕಾ, ಇಡಬ್ಯಾಡ. ಅದು ಅವನ ಪಾಳಿ."

"ನೀರು ಬಂದದ. ಯಾರ ಪಾಳಿ ಅಂತ ನಿಂತು ಕೇಳ್ತದೇನೋ ಅದು?"

ಬಾನೆಟ್ ತುಂಬ ಧೂಳಿತ್ತು. ನೋಡುತ್ತ ನಿಂತಿದ್ದ ಯಂಕಣ್ಣ ಮುಂದೆ ಬಂದು, ಹೆಗಲ ಮೇಲಿನ ವಸ್ತ್ರ ತೆಗೆದು ಸಸಿ ಇಡುವಷ್ಟು ಜಾಗ ಒರೆಸಿದ. ಲಾಲಮ್ಮ ಹಿಡಿ ಸಸಿ ಇಟ್ಟಳು, ಕುಂಕುಮ ಹಚ್ಚಿದಳು. ಅಲ್ಲಿಗೆ ಯಂಕಣ್ಣನ ಗಾಡಿಗೆ ಆ ಹಂಗಾಮು ಮುಗಿಯಿತು.

"ಸಸಿ ಕೀಳಾಕ ಒಬ್ಬ ಗಂಡಾಳು ಬೇಕಾಗ್ಯಾನ" ಎಂದಳು ಲಾಲಮ್ಮ, ಯಂಕಣ್ಣನ ಮುಖ ನೋಡದೆ. "ಹತ್ತು."

ಹಿಂಬಾಗಿಲ ಪಕ್ಕ ಕುಳಿತ. ತಿರುವು ಬಂದಾಗಲೆಲ್ಲ ಅವನ ಬಲಗಾಲು ತಾನಾಗಿ ಬ್ರೇಕ್ ಒತ್ತುತ್ತಿತ್ತು. ಕಾಲ ಕೆಳಗೆ ಊಟದ ಗಂಟಿತ್ತು.

"ಮಾಮಾ, ನನ್ನ ರೊಟ್ಟಿ ಚೂರು ಮಾಡಬ್ಯಾಡೋ!" ಎಂದಳು ಎದುರಿಗಿದ್ದವಳು. ಎಲ್ಲರೂ ನಕ್ಕರು. ತಾನೂ ನಗಬೇಕೆಂದು ಅವನಿಗೆ ಸ್ವಲ್ಪ ತಡವಾಗಿ ಹೊಳೆಯಿತು.

ದಿನವಿಡೀ ಮಡಿಯಲ್ಲಿ ಬಗ್ಗಿ ಸಸಿ ಕಿತ್ತ. ಸಂಜೆ ಮನ್ಸೂರಅಲಿ ಪಕ್ಕದ ಸೀಟು ತಟ್ಟಿದ. "ಮುಂದ ಬಾರೋ, ದೋಸ್ತ."

"ಹಿಂದೇ ಇರ್ಲಿ ಬಿಡು."

ಐದನೆಯ ದಿನ ಅಮಾವಾಸ್ಯೆ, ಗದ್ದೆಗೆ ರಜೆ. ಯಂಕಣ್ಣ ಎಲ್ಲಿಗೂ ಹೋಗದ ಗಾಡಿಯ ಗಾಜು ಒರೆಸುತ್ತಿದ್ದ. ಶೇಖಮ್ಮ ಹಳೆಯ ಗಂಟನ್ನು ಬಿಚ್ಚಿದಳು. ಕುಚ್ಚು ಸರಿದು, ತಿಂಗಳಿಂದ ಮುಚ್ಚಿದ್ದ ನಂಬರ್ ಬಿಸಿಲಿಗೆ ಬಂತು. ಹೊಸ ನಿಂಬೆಹಣ್ಣು ಹಿಡಿದು ಅವಳು ಅವನತ್ತ ತಿರುಗಿದಳು.

"ಕಟ್ಟಲೋ, ಬ್ಯಾಡೋ?"

ಅವನು ಬಗ್ಗಿ ನಂಬರ್ ಪ್ಲೇಟಿನ ಧೂಳು ಒರೆಸಿದ.

"ಕಟ್ಟು" ಎಂದ. "ನಂಬರ್ ಬಿಟ್ಟು ಕಟ್ಟು."

ಮರುದಿನ ಆರಕ್ಕೆ ಮನ್ಸೂರಅಲಿಯ ಹಾರ್ನ್ ಕೇಳಿಸಿತು. ಯಂಕಣ್ಣ ಧೋತರ ಎತ್ತಿಕಟ್ಟಿಕೊಂಡು ಹಿಂದೆ ಹತ್ತಿದ.